ಮೊದಲ ಬೀಡಿಕಟ್ಟಿನಿಂದ ಮೊಬೈಲ್‌ವರೆಗೆ: ಜೈಲು ಸಿಬ್ಬಂದಿ ಜಾರುವ ದಾರಿ ಮತ್ತು ತರಬೇತಿಯ ಪಾತ್ರ

ಪರಪ್ಪನ ಅಗ್ರಹಾರ ಎಂದರೆ ಈಗ ನಮಗೆ ಊರಿಗಿಂತ ಮೊದಲು ಜೈಲು ನೆನಪಾಗುತ್ತದೆ. 2017ರ ಜುಲೈನಲ್ಲಿ ಅಂದಿನ ಕಾರಾಗೃಹ ಡಿಐಜಿ ಡಿ. ರೂಪಾ ಅಲ್ಲಿ ಶಿಕ್ಷೆ ಅನುಭವಿಸುತ್ತಿದ್ದ, ಜಯಲಲಿತಾ ಆಪ್ತೆ ವಿ.ಕೆ. ಶಶಿಕಲಾ ಅವರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ, ಅದಕ್ಕಾಗಿ ಎರಡು ಕೋಟಿ ರೂಪಾಯಿ ಲಂಚ ಸಂದಾಯವಾಗಿದೆ ಎಂಬ ಮಾತು ಹಬ್ಬಿದೆ ಎಂದು ವರದಿ ಬರೆದರು. ಲಂಚದ ಆರೋಪವನ್ನು ಮೇಲಧಿಕಾರಿಗಳು ಅಲ್ಲಗಳೆದರು. ಸರ್ಕಾರ ನೇಮಿಸಿದ ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರ ವಿಚಾರಣೆ ಮಾತ್ರ ವಿಶೇಷ ಸವಲತ್ತು ಸಿಕ್ಕಿದ್ದು ನಿಜ ಎಂದಿತು. 2024ರ ಆಗಸ್ಟ್‌ನಲ್ಲಿ ನಟ ದರ್ಶನ್ ಅದೇ ಜೈಲಿನ ಆವರಣದಲ್ಲಿ ರೌಡಿಗಳ ಜತೆ ಕುರ್ಚಿ ಹಾಕಿಕೊಂಡು ಕೂತಿದ್ದ ಫೋಟೊ ಹೊರಬಿತ್ತು. ಹಲವು ಅಧಿಕಾರಿ, ಸಿಬ್ಬಂದಿ ಅಮಾನತಾದರು, ದರ್ಶನ್ ಅವರನ್ನು ಬಳ್ಳಾರಿ ಜೈಲಿಗೆ ಸಾಗಿಸಲಾಯಿತು. 2025ರ ನವೆಂಬರ್‌ನಲ್ಲಿ ಬಂದಿಗಳು ಒಳಗಿನಿಂದಲೇ ಮೊಬೈಲ್ ಬಳಸುತ್ತಿರುವ ವಿಡಿಯೊಗಳು ಮತ್ತೆ ಹರಿದಾಡಿದವು.

ಪ್ರತಿ ಸಲವೂ ಮುಂದೆ ನಡೆಯುವುದು ಒಂದೇ ರೀತಿ. ಕೆಲವರ ಅಮಾನತು, ಕೆಲವರ ಎತ್ತಂಗಡಿ, ಬ್ಯಾರಕ್‌ಗಳ ಮೇಲೆ ದಿಢೀರ್ ದಾಳಿ, ಮೇಜಿನ ಮೇಲೆ ಹರವಿಟ್ಟ ಮೊಬೈಲ್, ಗಾಂಜಾ ಪೊಟ್ಟಣಗಳ ಫೋಟೊ, ಜಾಮರ್ ಬಗ್ಗೆ ಚರ್ಚೆ. ಇವೆಲ್ಲ ಬೇಕಾದದ್ದೇ. ಆದರೆ ಒಂದು ಪ್ರಶ್ನೆ ಹಾಗೇ ಉಳಿದುಬಿಡುತ್ತದೆ. ಪರೀಕ್ಷೆ ಬರೆದು, ದೈಹಿಕ ಪರೀಕ್ಷೆಯಲ್ಲಿ ಓಡಿ, ಅಪ್ಪನ ಸಾಲ ತೀರಿಸುವ ಕನಸು ಹೊತ್ತು ಖಾಕಿ ತೊಟ್ಟ ಹುಡುಗನೊಬ್ಬ ಕೆಲವೇ ವರ್ಷಗಳಲ್ಲಿ ಬೂಟಿನೊಳಗೆ ಸಿಮ್ ಕಾರ್ಡ್ ಸಾಗಿಸುವವನಾಗುವುದು ಹೇಗೆ? ಅದೇ ಉದ್ದೇಶವಿಟ್ಟುಕೊಂಡು ಕೆಲಸಕ್ಕೆ ಸೇರಿದವರು ತೀರ ಕಡಿಮೆ. ಉಳಿದವರು ಒಂದು ದಾರಿಯಲ್ಲಿ ಮೆಲ್ಲಗೆ ಜಾರಿರುತ್ತಾರೆ, ಆ ದಾರಿಯ ಮೊದಲ ಹೆಜ್ಜೆ ಬಹಳ ಚಿಕ್ಕದಾಗಿರುತ್ತದೆ. ತರಬೇತಿ ಹಿಡಿಯಬೇಕಾದದ್ದು ಆ ಮೊದಲ ಹೆಜ್ಜೆಯನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಕ್ಕು ಉಪಕಾರವಾಗುವ ಬಗೆ

ಜೈಲಿನಲ್ಲಿ ಎಲ್ಲವೂ ಅಳತೆಯಲ್ಲಿ ಸಿಗುತ್ತದೆ. ನೀರು, ಮಲಗುವ ಜಾಗ, ಮನೆಯವರ ಜತೆ ಮಾತಾಡುವ ನಿಮಿಷ, ವೈದ್ಯರನ್ನು ಕಾಣುವ ಸರದಿ, ಎಲ್ಲಕ್ಕೂ ಮಿತಿಯಿದೆ. ಆ ಮಿತಿಯ ಕೀಲಿ ಇರುವುದು ವಾರ್ಡರ್‌ನ ಕೈಯಲ್ಲಿ. ನಮ್ಮಲ್ಲಿ ಈಗ ವೀಕ್ಷಕ ಎಂದು ಕರೆಯುವ ಈ ಹುದ್ದೆ ಇಲಾಖೆಯ ತಳಮಟ್ಟದ್ದು. ಆದರೆ ಬಂದಿಯ ಪಾಲಿಗೆ ಇಡೀ ಸರ್ಕಾರವೆಂದರೆ ಅವನೇ. ಸೂಪರಿಂಟೆಂಡೆಂಟ್ ಸಾಹೇಬರ ಮುಖ ಕಾಣುವುದು ಅಪರೂಪ, ವಾರ್ಡರ್ ಮಾತ್ರ ಬೆಳಗ್ಗೆ ಬೀಗ ತೆಗೆದಲ್ಲಿಂದ ಸಂಜೆ ಬೀಗ ಹಾಕುವ ತನಕ ಕಣ್ಣೆದುರಲ್ಲೇ ಇರುತ್ತಾನೆ.

ಸುದ್ದಿಯಾಗುವುದು ಮೊಬೈಲ್, ಗಾಂಜಾ, ಹೊರಗಿನ ಬಿರಿಯಾನಿ. ಅಂದರೆ ನಿಷೇಧಿಸಿದ್ದನ್ನು ಮಾರುವುದು. ಅದಕ್ಕಿಂತ ಹೆಚ್ಚು ಜನರನ್ನು ನೋಯಿಸುವುದು, ಆದರೆ ಸುದ್ದಿಯಾಗದೇ ಉಳಿಯುವುದು ಇನ್ನೊಂದು ವ್ಯಾಪಾರ: ನಿಯಮದ ಪ್ರಕಾರ ಸಿಗಲೇಬೇಕಾದದ್ದನ್ನು ಮಾರುವುದು. ಸಂದರ್ಶನಕ್ಕೆ ಬಂದ ತಾಯಿಯ ಚೀಟಿ ಒಳಗೆ ಹೋಗಬೇಕಾದರೆ ಇಷ್ಟು, ಜೈಲು ಆಸ್ಪತ್ರೆಯ ಹಾಸಿಗೆಗೆ ಇಷ್ಟು, ಶೌಚಾಲಯದ ಪಕ್ಕ ಮಲಗಬಾರದು ಎಂದಿದ್ದರೆ ಇಷ್ಟು. ಹಣವಿದ್ದ ಬಂದಿ ಮೊದಲನೆಯ ವ್ಯಾಪಾರದ ಗಿರಾಕಿ, ಎರಡನೆಯದಕ್ಕೆ ಸಿಕ್ಕಿಬೀಳುವವನು ಬಡವ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ ಶೇ. 75.8ರಷ್ಟು ವಿಚಾರಣಾಧೀನರು. ಅಪರಾಧ ಸಾಬೀತೇ ಆಗದ ಇವರ ಮನೆಯವರು ಊರಿಂದ ಬಸ್ಸು ಹತ್ತಿ ಬಂದು ಗೇಟಿನ ಮುಂದೆ ಕಾಯುತ್ತಾರೆ, ಮಾಮೂಲು ಕೊಟ್ಟು ಹೋಗುತ್ತಾರೆ.

ಕಾನೂನಿಗೆ ಇದು ಹೊಸದಲ್ಲ. ಬ್ರಿಟಿಷರ ಕಾಲದ 1894ರ ಕಾರಾಗೃಹ ಕಾಯ್ದೆಯ 9ನೇ ಕಲಮು ಜೈಲಿನ ಯಾವ ಅಧಿಕಾರಿಯೂ ಬಂದಿಯೊಂದಿಗೆ ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ ಹಣದ ವ್ಯವಹಾರ ಇಟ್ಟುಕೊಳ್ಳಬಾರದು ಎನ್ನುತ್ತದೆ. 10ನೇ ಕಲಮು ಜೈಲಿಗೆ ಸಾಮಾನು ಪೂರೈಸುವ ಗುತ್ತಿಗೆಯಲ್ಲಿ ಅವರಿಗೆ ಪಾಲು ಇರಬಾರದು ಎನ್ನುತ್ತದೆ. ಇಂಥ ವ್ಯವಹಾರ ನಡೆಯುತ್ತದೆಂದು ನೂರಮೂವತ್ತು ವರ್ಷಗಳ ಹಿಂದೆಯೇ ಗೊತ್ತಿತ್ತು. ಇಂದು ಜೈಲು ಸಿಬ್ಬಂದಿಗೂ ಭ್ರಷ್ಟಾಚಾರ ತಡೆ ಕಾಯ್ದೆ ಅನ್ವಯಿಸುತ್ತದೆ. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ತಪ್ಪಿತಸ್ಥರು. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ವಿನಾಯಿತಿ. ಕಾಗದದ ಮೇಲೆ ಇದು ನ್ಯಾಯವಾಗಿ ಕಾಣುತ್ತದೆ. ಆದರೆ ಮಗ ಒಳಗಿರುವಾಗ, ಅವನ ರಾತ್ರಿಗಳು ಯಾರ ಕೈಯಲ್ಲಿವೆಯೋ ಅವರ ಮೇಲೆಯೇ ಏಳು ದಿನದೊಳಗೆ ದೂರು ಕೊಡುವ ಧೈರ್ಯ ಯಾವ ತಾಯಿಗೆ ಬಂದೀತು? ಹೊರಗಿನ ದೂರನ್ನೇ ನಂಬಿ ಕೂತರೆ ಜೈಲಿನ ಭ್ರಷ್ಟಾಚಾರ ಹೊರಬರುವುದಿಲ್ಲ. ತಡೆ ಸಿಬ್ಬಂದಿಯ ಒಳಗಿನಿಂದಲೇ ಬರಬೇಕು. ಆದ್ದರಿಂದಲೇ ತರಬೇತಿಯ ಮಾತು ಮುಖ್ಯವಾಗುತ್ತದೆ.

ಜಾರುವುದು ಹೇಗೆ

ಅಮೆರಿಕದ ಸಮಾಜಶಾಸ್ತ್ರಜ್ಞ ಗ್ರೆಶಾಮ್ ಸೈಕ್ಸ್ 1950ರ ದಶಕದಲ್ಲಿ ನ್ಯೂಜೆರ್ಸಿಯ ಟ್ರೆಂಟನ್ ಜೈಲನ್ನು ಹತ್ತಿರದಿಂದ ನೋಡಿ, ಕಾವಲುಗಾರನ ಅಧಿಕಾರ ಮೂರು ಬಗೆಯಲ್ಲಿ ಸವೆಯುತ್ತದೆ ಎಂದರು. ಸ್ನೇಹದಿಂದ, ಕೊಡು-ಕೊಳ್ಳುವಿಕೆಯಿಂದ, ಕೆಲಸ ಬಿಟ್ಟುಕೊಡುವುದರಿಂದ. ಎಪ್ಪತ್ತು ವರ್ಷ ಕಳೆದರೂ ಈ ಮೂರೂ ನಮ್ಮ ಹಿಂಡಲಗಾಕ್ಕೂ ಮೈಸೂರಿಗೂ ಹೊಂದುತ್ತವೆ.

ಸ್ನೇಹ ಎಂದರೆ ಇದು: ವಾರ್ಡರ್ ದಿನದ ಬಹುಪಾಲು ಕಳೆಯುವುದು ಬಂದಿಗಳ ನಡುವೆ. ಮೇಲಧಿಕಾರಿ ಗದರುತ್ತಾನೆ, ಬಂದಿ ನಗುಮುಖದಿಂದ ಮಾತಾಡಿಸುತ್ತಾನೆ. ಕೊಡು-ಕೊಳ್ಳುವಿಕೆ ಇನ್ನೂ ಸೂಕ್ಷ್ಮ. ನೂರಾರು ಜನರಿರುವ ವಿಭಾಗವನ್ನು ಇಬ್ಬರು ವಾರ್ಡರ್‌ಗಳು ಲಾಠಿಯಿಂದ ನಿಭಾಯಿಸಲಾರರು. ಅಲ್ಲಿ ಶಾಂತಿ ನೆಲೆಸುವುದು ಒಳಗಿನ ಪ್ರಬಲರು ಮನಸ್ಸು ಮಾಡಿದರೆ. ಗಲಾಟೆಯಾಗದಂತೆ ನೋಡಿಕೊಂಡವನಿಗೆ ವಾರ್ಡರ್ ಒಂದು ಬೀಡಿಕಟ್ಟನ್ನು ಕಂಡೂ ಕಾಣದಂತೆ ಬಿಡುತ್ತಾನೆ. ಮೂರನೆಯದು ಎಣಿಕೆ, ಲೆಕ್ಕ, ಅಡುಗೆಮನೆ ಉಸ್ತುವಾರಿಯಂಥ ಕೆಲಸಗಳನ್ನು ಹಳೆಯ ಸಜಾಬಂದಿಗಳಿಗೆ ವಹಿಸಿಬಿಡುವುದು. ಮೊದಮೊದಲು ಅದು ಅನುಕೂಲ, ವರ್ಷ ಕಳೆಯುವಷ್ಟರಲ್ಲಿ ಆ ಬಂದಿಯೇ ಬ್ಯಾರಕ್ಕಿನ ಯಜಮಾನ. ಬಂದಿಗಳ ಕೈಗೆ ಶಿಸ್ತಿನ ಅಧಿಕಾರ ಕೊಡಬಾರದು ಎಂದು ಬಂದಿಗಳನ್ನು ನಡೆಸಿಕೊಳ್ಳುವ ಕನಿಷ್ಠ ಮಾನದಂಡವಾಗಿ 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳ 40ನೇ ನಿಯಮ ಸ್ಪಷ್ಟವಾಗಿ ಹೇಳುವುದು ಇದೇ ಕಾರಣಕ್ಕೆ.

ಈ ಮೂರಕ್ಕೂ ನೀರೆರೆಯುವುದು ಜನರ ಕೊರತೆ. 2016ರ ಮಾದರಿ ಕಾರಾಗೃಹ ಕೈಪಿಡಿ ಪ್ರತಿ ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕೆಂದು ಹೇಳುತ್ತದೆ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ ಮಂಜೂರಾದ ಹುದ್ದೆಗಳಲ್ಲೇ ಶೇ. 30ರಷ್ಟು ಖಾಲಿ ಬಿದ್ದಿದ್ದವು, ಇತ್ತ ಜೈಲುಗಳು ಸಾಮರ್ಥ್ಯದ ಶೇ. 131ರಷ್ಟು ತುಂಬಿದ್ದವು. ಹೀಗಿರುವಾಗ ಒಬ್ಬ ವಾರ್ಡರ್ ಎರಡು ಪಾಳಿ ಎಳೆಯುತ್ತಾನೆ, ಮಗುವಿಗೆ ಜ್ವರ ಬಂದರೂ ರಜೆ ಸಿಗುವುದಿಲ್ಲ. ದಣಿದ ಮನುಷ್ಯ ನಿಯಮಕ್ಕಿಂತ ಸುಲಭದ ದಾರಿ ಹುಡುಕುತ್ತಾನೆ. ಲಂಚಕ್ಕೆ ಇದು ಸಮರ್ಥನೆಯಾಗದು, ಆದರೆ ಇದನ್ನು ಬಿಟ್ಟು ನೀತಿಪಾಠ ಮಾತ್ರ ಹೇಳುವುದು ಪ್ರಾಮಾಣಿಕತೆಯಲ್ಲ.

ಕೈಯೆತ್ತುವುದು, ಕಣ್ಣುಮುಚ್ಚುವುದು

ಲಂಚ ಮತ್ತು ಹಿಂಸೆ ಬೇರೆ ಬೇರೆ ರೋಗಗಳೆಂದು ತಿಳಿಯುವವರಿದ್ದಾರೆ. ಸುನಿಲ್ ಬಾತ್ರಾ ಪ್ರಕರಣ ಎರಡರ ಬೇರು ಒಂದೇ ಎಂದು ತೋರಿಸುತ್ತದೆ. ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಬಾತ್ರಾ, ಪಕ್ಕದ ಬಂದಿಯೊಬ್ಬನಿಗೆ ಹೆಡ್ ವಾರ್ಡರ್ ಅಮಾನುಷವಾಗಿ ಹಿಂಸೆ ಕೊಟ್ಟಿದ್ದಾನೆ ಎಂದು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗೆ ಪತ್ರ ಬರೆದ. ಹಿಂಸೆಯ ಹಿಂದಿದ್ದ ಉದ್ದೇಶ ನೋಡಲು ಬರುತ್ತಿದ್ದ ಬಂಧುಗಳಿಂದ ಹಣ ಕಸಿಯುವುದು ಎಂಬುದು ದೂರು. ಕೋರ್ಟು ಆ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿತು. 1979ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು, ಜೈಲಿನ ಬಾಗಿಲು ದಾಟಿದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕುಗಳು ಹೊರಗುಳಿಯುವುದಿಲ್ಲ ಎಂಬುದನ್ನು ಗಟ್ಟಿ ಮಾಡಿತು.

ಕರ್ನಾಟಕಕ್ಕೂ ಇಂಥದೇ ಒಂದು ಪತ್ರದ ಕಥೆಯಿದೆ. ಬೆಂಗಳೂರು ಕೇಂದ್ರ ಕಾರಾಗೃಹದ ಬಂದಿ ರಾಮಮೂರ್ತಿ ಸುಪ್ರೀಂ ಕೋರ್ಟಿಗೆ ಬರೆದ ಪತ್ರದ ಮೇಲೆ ಜಿಲ್ಲಾ ನ್ಯಾಯಾಧೀಶರಿಂದ ವರದಿ ತರಿಸಿಕೊಂಡ ಕೋರ್ಟು, 1996ರ ತೀರ್ಪಿನಲ್ಲಿ ದೇಶದ ಜೈಲುಗಳನ್ನು ಕಾಡುವ ಒಂಬತ್ತು ಸಮಸ್ಯೆಗಳನ್ನು ಹೆಸರಿಸಿತು. ಹಿಂಸೆ, ಕಿಕ್ಕಿರಿದ ಕೋಣೆ, ಕೆಟ್ಟ ಊಟ, ಸಂದರ್ಶನದ ಅವ್ಯವಸ್ಥೆ ಎಲ್ಲವೂ ಅದರಲ್ಲಿವೆ. ಆ ಪಟ್ಟಿಯನ್ನು ಇಂದು ಓದಿದರೂ ದಿನಾಂಕ ಮಾತ್ರ ಹಳೆಯದೆನಿಸುವುದು ದುಃಖದ ವಿಷಯ.

2017ರ ಜೂನ್‌ನಲ್ಲಿ ಮುಂಬಯಿಯ ಬೈಕುಲಾ ಮಹಿಳಾ ಜೈಲಿನಲ್ಲಿ ಬೆಳಗಿನ ಊಟದ ಮೊಟ್ಟೆ-ಪಾವ್ ಲೆಕ್ಕ ತಪ್ಪಿತೆಂಬ ಕಾರಣಕ್ಕೆ ಮಹಿಳಾ ಬಂದಿಯೊಬ್ಬರು ಸಿಬ್ಬಂದಿಯಿಂದ ಹೊಡೆತ ತಿಂದು ಸತ್ತರೆಂಬ ಆರೋಪದಲ್ಲಿ ಆರು ಸಿಬ್ಬಂದಿ ಬಂಧಿತರಾದರು. ಇಂಥ ಘಟನೆಗಳಲ್ಲಿ ಹೊಡೆಯುವವರು ಕೆಲವರು, ನೋಡಿಯೂ ಸುಮ್ಮನಿದ್ದವರು ಬಹಳ ಜನ. ಸಹೋದ್ಯೋಗಿಯ ವಿರುದ್ಧ ಬಾಯಿಬಿಟ್ಟವನಿಗೆ ನಾಳೆ ರಾತ್ರಿ ಪಾಳಿಯಲ್ಲಿ ಬಂದಿಗಳು ಸುತ್ತುವರಿದರೆ ಯಾರೂ ಓಡಿಬರುವುದಿಲ್ಲ ಎಂಬ ಭಯ ನಿಜವಾದದ್ದು. ಸುಮ್ಮನಿರುವುದು ಅಲ್ಲಿ ಒಂದು ಬಗೆಯ ಜೀವವಿಮೆ.

ಕಣ್ಣಿಗೆ ಬೀಳದ ಇನ್ನೆರಡು ತಪ್ಪುಗಳನ್ನೂ ಹೇಳಬೇಕು. ಒಂದು ಜಾತಿ. ಕೆಳಜಾತಿಯವರೆಂದು ಶೌಚಾಲಯ ಗುಡಿಸುವ ಕೆಲಸ, ಮೇಲ್ಜಾತಿಯವರೆಂದು ಅಡುಗೆ ಕೆಲಸ ಹಂಚುವ ಪದ್ಧತಿ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲೇ ಅಚ್ಚಾಗಿತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರಂದು ಅದನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿತು. ಕೈಪಿಡಿಯ ಸಾಲು ಅಳಿಸುವುದು ಒಂದು ಆದೇಶದಿಂದ ಆಗುತ್ತದೆ. ಕೆಲಸ ಹಂಚುವ ವಾರ್ಡರ್ ಹೊಸ ಬಂದಿಯ ಊರು, ಅಡ್ಡಹೆಸರು ಕೇಳುವ ಅಭ್ಯಾಸ ಅಷ್ಟು ಬೇಗ ಅಳಿಯದು.

ಇನ್ನೊಂದು ಅಲಕ್ಷ್ಯ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದ ವಿಚಾರಣಾಧೀನ ಬಂದಿ ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು, ಉಳಿದವರು ಅರ್ಧ ಭಾಗವನ್ನು ಕಳೆದರೆ ಬಿಡುಗಡೆಗೆ ಅರ್ಹರಾಗುತ್ತಾರೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳು ಇದಕ್ಕೆ ಹೊರತು. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದವರಿಗೂ ಇದು ದಕ್ಕದು. ಅವಧಿ ತುಂಬಿದ ಕೂಡಲೇ ನ್ಯಾಯಾಲಯಕ್ಕೆ ಅರ್ಜಿ ಕಳಿಸುವುದು ಜೈಲು ಸೂಪರಿಂಟೆಂಡೆಂಟರ ಕರ್ತವ್ಯ. ಆ ಅರ್ಜಿ ಬರೆಯಲು ಮರೆತರೆ ಯಾರೂ ಹೊಡೆದಂತಾಗುವುದಿಲ್ಲ, ಯಾರೂ ಲಂಚ ತಿಂದಂತಾಗುವುದಿಲ್ಲ. ಒಬ್ಬ ಮನುಷ್ಯ ಮಾತ್ರ ಕಾರಣವಿಲ್ಲದೆ ಒಳಗೇ ಉಳಿಯುತ್ತಾನೆ. ನನ್ನ ಪ್ರಕಾರ ಇದು ನೀತಿಯ ಪ್ರಶ್ನೆಯೇ ಹೊರತು ಬರೀ ಗುಮಾಸ್ತಿಕೆಯ ಲೋಪವಲ್ಲ.

ತರಬೇತಿ ಏನನ್ನು ಕಲಿಸಬೇಕು

ನಮ್ಮಲ್ಲಿ ತರಬೇತಿ ಇಲ್ಲವೇ ಇಲ್ಲ ಎನ್ನಲಾಗದು. ದಕ್ಷಿಣದ ರಾಜ್ಯಗಳ ಜೈಲು ಅಧಿಕಾರಿಗಳಿಗಾಗಿ ವೆಲ್ಲೂರಿನಲ್ಲಿ 1979ರಿಂದ ಒಂದು ಅಕಾಡೆಮಿ ನಡೆಯುತ್ತಿದೆ. ನ್ಯಾಯಮೂರ್ತಿ ಎ.ಎನ್. ಮುಲ್ಲಾ ಸಮಿತಿ 1983ರಲ್ಲೇ ಜೈಲು ಕೆಲಸವನ್ನು ಪ್ರತ್ಯೇಕ ವೃತ್ತಿಯಾಗಿ ಕಂಡು, ಅದಕ್ಕೆ ತಕ್ಕ ತರಬೇತಿ ಮತ್ತು ಅಖಿಲ ಭಾರತ ಸೇವೆ ಬೇಕೆಂದಿತ್ತು. ಮಂಡೇಲಾ ನಿಯಮಗಳು ಕೆಲಸಕ್ಕೆ ಹಚ್ಚುವ ಮೊದಲೂ, ನಂತರ ಸೇವೆಯುದ್ದಕ್ಕೂ ತರಬೇತಿ ಕಡ್ಡಾಯವೆನ್ನುತ್ತವೆ. ಅದರಲ್ಲಿ ಕಾನೂನು, ಬಂದಿಯ ಹಕ್ಕು, ಬಲಪ್ರಯೋಗದ ಮಿತಿ, ಮಾತಿನಿಂದ ಜಗಳ ಬಿಡಿಸುವುದು, ಪ್ರಥಮ ಚಿಕಿತ್ಸೆ ಎಲ್ಲ ಇರಬೇಕೆನ್ನುತ್ತವೆ. ಇವನ್ನು ಕಲಿಸುವ ರೀತಿಯಲ್ಲೇ ತೊಡಕಿರುವುದು. ಕವಾಯತು, ರೈಫಲ್, ಮಧ್ಯಾಹ್ನ ನಿದ್ದೆಗಣ್ಣಲ್ಲಿ ಕೇಳುವ ಮಾನವ ಹಕ್ಕುಗಳ ಉಪನ್ಯಾಸ ಎಂಬ ಮಾದರಿಯಲ್ಲಿ ಕಲಿತದ್ದು ಬ್ಯಾರಕ್ಕಿನ ಬಾಗಿಲವರೆಗೂ ಬರುವುದಿಲ್ಲ. ಲಂಚ ತೆಗೆದುಕೊಳ್ಳಬಾರದು ಎಂಬುದು ಯಾವ ವಾರ್ಡರ್‌ಗೆ ಗೊತ್ತಿಲ್ಲ? ಆ ಗಳಿಗೆಯಲ್ಲಿ ಏನು ಹೇಳಬೇಕು, ಎಲ್ಲಿ ನಿಲ್ಲಬೇಕು, ಯಾರಿಗೆ ತಿಳಿಸಬೇಕು ಎಂಬುದು ಗೊತ್ತಿಲ್ಲ.

ಹೊರದೇಶಗಳ ಜೈಲು ತರಬೇತಿಯಲ್ಲಿ ಬಂದಿ ಸಿಬ್ಬಂದಿಯನ್ನು ಹಂತಹಂತವಾಗಿ ಪಳಗಿಸಿಕೊಳ್ಳುವ ಬಗೆಯನ್ನು ಪ್ರತ್ಯೇಕ ಪಾಠವಾಗಿ ಕಲಿಸುತ್ತಾರೆ. ಅದನ್ನು ನಮ್ಮ ಸಂದರ್ಭಕ್ಕೆ ತಂದು ನೋಡಿ. ಬೋಧಕನೇ ಬಂದಿಯ ಪಾತ್ರ ಹಾಕುತ್ತಾನೆ. ಮೊದಲ ದಿನ, "ಸಾರ್, ಆ ಹಳೇ ಜೈಲರ್ ಥರ ಅಲ್ಲ ನೀವು, ಮನುಷ್ಯತ್ವ ಇದೆ" ಎನ್ನುತ್ತಾನೆ. ಎರಡನೇ ದಿನ ಊರು ಯಾವುದು, ಮಕ್ಕಳೆಷ್ಟು ಎಂದು ವಿಚಾರಿಸುತ್ತಾನೆ. ಮೂರನೇ ದಿನ ಒಂದು ಬೆಂಕಿಪೊಟ್ಟಣ ಕೇಳುತ್ತಾನೆ. ವಾರ ಕಳೆದ ಮೇಲೆ, "ನನ್ನ ತಮ್ಮ ಹೊರಗಿದಾನೆ, ನಿಮ್ಮ ಮಗಳ ಸ್ಕೂಲ್ ಫೀಸ್ ಅವನು ನೋಡ್ಕೋತಾನೆ, ಸಾಲ ಅಂತ್ಲೇ ತಿಳ್ಕೊಳಿ" ಎನ್ನುತ್ತಾನೆ. ತಿಂಗಳ ಕೊನೆಗೆ ಸ್ವರ ಬದಲಾಗುತ್ತದೆ: "ಬೆಂಕಿಪೊಟ್ಟಣ ಕೊಟ್ಟಿದ್ದು ಸಾಹೇಬ್ರಿಗೆ ಗೊತ್ತಾದ್ರೆ ನಿಮ್ಮ ಕೆಲಸ ಹೋಗುತ್ತಲ್ಲ ಸಾರ್? ಒಂದೇ ಒಂದು ಫೋನು ತಂದುಬಿಡಿ." ತರಗತಿಯಲ್ಲಿ ಕೂತ ಹೊಸಬರು ಯಾವ ಹಂತದಲ್ಲಿ ತಾವು ಸಿಕ್ಕಿಬಿದ್ದೆವು ಎಂದು ಗುರುತಿಸಬೇಕು. ಹೆಚ್ಚಿನವರು ಫೋನಿನ ಹಂತವನ್ನು ತೋರಿಸುತ್ತಾರೆ. ಸಿಕ್ಕಿಬಿದ್ದದ್ದು ಬೆಂಕಿಪೊಟ್ಟಣ ಕೊಟ್ಟು ಅದನ್ನು ಮುಚ್ಚಿಟ್ಟಾಗ.

ಈ ಪಾಠದ ಜೀವ ಇರುವುದು ಮುಚ್ಚಿಡುವಿಕೆಯಲ್ಲಿ. ಸಣ್ಣ ತಪ್ಪನ್ನು ಅದೇ ಸಂಜೆ ಮೇಲಿನವರಿಗೆ ಹೇಳಿಬಿಟ್ಟರೆ ಬಂದಿಯ ಕೈಯಲ್ಲಿ ಬೆದರಿಕೆಯ ಅಸ್ತ್ರ ಉಳಿಯುವುದಿಲ್ಲ. ಹೇಳಿದವನಿಗೆ ಮೆಮೊ ಕೊಡುವ ಅಧಿಕಾರಿ ಮುಂದಿನ ಹತ್ತು ಜನರ ಬಾಯಿ ಮುಚ್ಚಿಸುತ್ತಾನೆ. ಆದ್ದರಿಂದ ಈ ತರಬೇತಿ ವಾರ್ಡರ್‌ಗಿಂತ ಮೊದಲು ಜೈಲರ್‌ಗೆ, ಅಧೀಕ್ಷಕರಿಗೆ ಬೇಕು: ಬೇಗ ಹೇಳಿಕೊಂಡವನನ್ನು ಹೇಗೆ ಕೇಳಿಸಿಕೊಳ್ಳಬೇಕು, ಯಾವುದನ್ನು ತಿದ್ದಿ ಬಿಡಬೇಕು, ಯಾವುದನ್ನು ಬಿಡಲೇಬಾರದು ಎಂದು.

ಹಿಂಸೆಯ ವಿಷಯದಲ್ಲೂ ಅಭ್ಯಾಸವೇ ದಾರಿ. ಅಮೆರಿಕದ ನ್ಯೂ ಆರ್ಲಿಯನ್ಸ್ ಪೊಲೀಸರು 2016ರಲ್ಲಿ ಶುರುಮಾಡಿದ ಒಂದು ತರಬೇತಿ, ಸಹೋದ್ಯೋಗಿ ಕೈ ಮೀರುವ ಮುನ್ನ ಪಕ್ಕದವನು ತಡೆಯುವುದನ್ನು ನಿಷ್ಠೆಯ ಕೆಲಸವೆಂದು ಕಲಿಸುತ್ತದೆ. ಹೆಗಲ ಮೇಲೆ ಕೈಯಿಟ್ಟು "ನಾನು ನೋಡ್ಕೋತೀನಿ, ನೀನು ಹೊರಗೆ ಹೋಗಿ ನೀರು ಕುಡಿ" ಎನ್ನುವುದನ್ನು ಜೈಲು ಸಿಬ್ಬಂದಿಯೂ ಹತ್ತಾರು ಸಲ ಆಡಿ ಕಲಿಯಬಹುದು. ತಡೆದವನು ಗೆಳೆಯನ ಕೆಲಸ ಉಳಿಸಿದಂತಾಯಿತು ಎಂಬ ಭಾವ ಬೆಳೆದರೆ, ಮೌನವೇ ನಿಷ್ಠೆ ಎಂಬ ಹಳೆಯ ನಂಬಿಕೆ ಸಡಿಲವಾಗುತ್ತದೆ. ಇದರ ಜತೆಗೆ ಬಲಪ್ರಯೋಗವಾದ ಕೂಡಲೇ ಮುಖ್ಯಸ್ಥರಿಗೆ ವರದಿ ಮಾಡಬೇಕೆಂಬ ಮಂಡೇಲಾ ನಿಯಮವನ್ನು ನಿಜವಾದ ನಮೂನೆ ತುಂಬಿಸಿಯೇ ಕಲಿಸಬೇಕು.

ನಾರ್ವೆಯಲ್ಲಿ ಜೈಲು ಅಧಿಕಾರಿಯಾಗಲು ಸಂಬಳ ಪಡೆಯುತ್ತಲೇ ಎರಡು ವರ್ಷ ಓದಬೇಕು. ಮನಃಶಾಸ್ತ್ರ, ಕಾನೂನು, ನೀತಿಶಾಸ್ತ್ರ, ನಡುವೆ ಜೈಲಿನಲ್ಲೇ ಕೆಲಸ. ಅಲ್ಲಿನ ಸುರಕ್ಷತೆಯ ಕಲ್ಪನೆಯೇ ಬೇರೆ: ಬಂದಿಯ ಜತೆ ಮಾತಾಡುತ್ತ, ಊಟ ಮಾಡುತ್ತ, ಅವನ ಮನಸ್ಸು ತಿಳಿದಿರುವ ಸಿಬ್ಬಂದಿಯೇ ಗಟ್ಟಿ ಗೋಡೆ. ಹತ್ತಿರವಿದ್ದೂ ಗೆರೆ ದಾಟದಿರುವುದು ಕಲಿತು ಬರುವ ಕೌಶಲ. ಸಣ್ಣ ಶ್ರೀಮಂತ ದೇಶದ ಮಾದರಿಯನ್ನು ಹಾಗೇ ಇಲ್ಲಿ ನಡೆಸಲಾಗದು. ಆದರೆ ಬಂದಿಯೊಂದಿಗೆ ಮಾತೇ ಆಡಬೇಡ ಎಂದು ನಾವು ಹೊಸಬರಿಗೆ ಹೇಳಿಕೊಡುವ ಹಳೆಯ ಸಲಹೆ ಅವರನ್ನು ಕಾಪಾಡುವುದಿಲ್ಲ. ದಿನವಿಡೀ ಜತೆಗಿರುವವರು ಹೇಗೂ ಮಾತಾಡುತ್ತಾರೆ. ಗೆರೆ ಎಲ್ಲಿದೆ ಎಂದು ತಿಳಿಯದೆ ಮಾತಾಡುತ್ತಾರೆ, ಅಷ್ಟೇ.

ತರಬೇತಿಯ ಆಚೆಗೆ

ತರಬೇತಿ ಮುಗಿಸಿ ಬಂದ ಹುಡುಗನಿಗೆ ಹಳೆಯ ವಾರ್ಡರ್ ಮೊದಲ ವಾರವೇ ಹೇಳುವುದು: ಅಲ್ಲಿ ಕಲಿತದ್ದೆಲ್ಲ ಅಲ್ಲಿಗೇ ಬಿಡು, ಇಲ್ಲಿಯ ಲೆಕ್ಕವೇ ಬೇರೆ. ತಿಂಗಳುಗಟ್ಟಲೆ ಕಲಿತದ್ದು ಹೀಗೆ ಕರಗಿಹೋಗಬಹುದು. ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆ ಬಂದಿ ಮತ್ತು ಕಾವಲುಗಾರರ ಪಾತ್ರ ಕೊಟ್ಟು ನಡೆಸಿದ 1971ರ ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗವನ್ನು ಬಹಳ ಕಾಲ, ಅಧಿಕಾರ ಸಿಕ್ಕರೆ ಯಾರಾದರೂ ಕ್ರೂರಿಯಾಗುತ್ತಾರೆ ಎಂಬುದಕ್ಕೆ ಪುರಾವೆಯೆಂದು ಹೇಳುತ್ತಿದ್ದರು. ಕಾವಲುಗಾರರ ಪಾತ್ರ ಹಾಕಿದವರಿಗೆ ಕಟುವಾಗಿರಲು ನಡೆಸಿದವರಿಂದಲೇ ಸೂಚನೆ ಹೋಗಿತ್ತು ಎಂಬುದನ್ನು ನಂತರ ಬಯಲಾದ ದಾಖಲೆಗಳು ತೋರಿಸಿದವು. ನನಗೆ ಅದರಿಂದ ಕಾಣುವ ಪಾಠ ಬೇರೆ: ಮೇಲಿನವರು ಏನನ್ನು ಬಯಸುತ್ತಾರೆ ಎಂದು ಕೆಳಗಿನವರು ಊಹಿಸುತ್ತಾರೋ ಹಾಗೆ ನಡೆದುಕೊಳ್ಳುತ್ತಾರೆ. ಹೊಸಬನ ಮೊದಲ ಆರು ತಿಂಗಳು ಯಾವ ಹಿರಿಯನ ಜತೆ ಕಳೆಯಬೇಕು ಎಂಬುದನ್ನು ಪಾಳಿಯ ಅನುಕೂಲಕ್ಕೆ ಬಿಡದೆ ಆರಿಸಿ ನಿರ್ಧರಿಸಬೇಕು.

ಸಿಸಿಟಿವಿ, ಜಾಮರ್, ಗೇಟಿನ ತಪಾಸಣೆ ಎಲ್ಲಕ್ಕೂ ಸ್ಥಾನವಿದೆ. ಸುಪ್ರೀಂ ಕೋರ್ಟು 2015ರಲ್ಲೇ ಜೈಲುಗಳಲ್ಲಿ ಸಿಸಿಟಿವಿ ಅಳವಡಿಸಲು ಹೇಳಿತ್ತು. ಆದರೆ ಕ್ಯಾಮೆರಾ ನೋಡಬೇಕಾದವನೂ ಒಬ್ಬ ಸಿಬ್ಬಂದಿಯೇ. ಪರಪ್ಪನ ಅಗ್ರಹಾರದ ಜಾಮರ್ ಸುತ್ತಲಿನ ಬಡಾವಣೆಯವರ ಫೋನಿಗೆ ಅಡ್ಡಿಯಾಯಿತೆಂಬ ದೂರು ಬಂದಿತ್ತು, ಒಳಗೆ ಫೋನು ನಿಲ್ಲಲಿಲ್ಲ. ಗೇಟಿನಲ್ಲಿ ಒಬ್ಬನೇ ವರ್ಷಗಟ್ಟಲೆ ನಿಲ್ಲದಂತೆ ಪಾಳಿ ಬದಲಿಸುವುದು, ಹುದ್ದೆ ತುಂಬುವುದು, ಸರಿಯಾದ ಸಂಬಳ ಮತ್ತು ರಜೆ ಕೊಡುವುದು ನೀತಿಪಾಠದಷ್ಟೇ ಮುಖ್ಯ. ಯೋಗ್ಯರನ್ನು ಸೆಳೆದು ಉಳಿಸಿಕೊಳ್ಳುವಷ್ಟು ಸಂಬಳವಿರಬೇಕೆಂದು ಮಂಡೇಲಾ ನಿಯಮವೂ ಹೇಳುತ್ತದೆ.

ಫಲ ಸಿಕ್ಕಿತೇ ಎಂದು ಅಳೆಯುವುದಕ್ಕೂ ಎಷ್ಟು ಜನ ತರಬೇತಿ ಪಡೆದರು ಎಂಬ ಲೆಕ್ಕ ಸಾಲದು. ಜೈಲುಗಳಿಗೆ ಭೇಟಿ ಕೊಡುವ ಅಧಿಕಾರ ಜಿಲ್ಲಾ ನ್ಯಾಯಾಧೀಶರಿಗಿದೆ, ಸಂದರ್ಶಕರ ಮಂಡಳಿಗಿದೆ. ಅವರು ಊಟದ ರುಚಿ ನೋಡಿ ಸಹಿ ಹಾಕಿ ಹೊರಡುವ ಬದಲು ಮೂರು ದಾಖಲೆ ಕೇಳಬಹುದು: ಕಳೆದ ಮೂರು ತಿಂಗಳಲ್ಲಿ ಸಿಬ್ಬಂದಿ ತಾವಾಗಿ ವರದಿ ಮಾಡಿದ ಆಮಿಷಗಳೆಷ್ಟು, ಬರೆದಿಟ್ಟ ಬಲಪ್ರಯೋಗದ ವರದಿಗಳೆಷ್ಟು, 479ನೇ ಕಲಮಿನಡಿ ಕಳಿಸಿದ ಅರ್ಜಿಗಳೆಷ್ಟು. ಸಾವಿರಾರು ಬಂದಿಗಳಿರುವ ಜೈಲಿನಲ್ಲಿ ಮೂರರ ಎದುರೂ ಸೊನ್ನೆಯಿದ್ದರೆ, ಅಲ್ಲಿ ವಿಚಾರಣೆ ಅಂದೇ ಶುರುವಾಗಬೇಕು.